ಮೇವಿಗೂ ಒಂದು ಹೆಪ್ಪು

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಶಿರಸಿ ಕಡೆ ಮಳೆಗಾಲದಲ್ಲಿ ಹಸಿಹುಲ್ಲಿಗೆ ಬರವಿಲ್ಲ. ಒಣಗಿಸೋಣ ಅಂದರೆ ಬಿಸಿಲಿಲ್ಲ. ಏಪ್ರಿಲ್ ಬಂತೆಂದರೆ ಆಕಳ ಮುಂದೆ ಬರೀ ಒಣಹುಲ್ಲು. ಅದಕ್ಕೇ ರಸಮೇವು, ಅಂದರೆ ಹಸಿಹುಲ್ಲನ್ನು ಗಾಳಿಯಾಡದ ಚೀಲದಲ್ಲಿ ತುಂಬಿ ಹುಳಿ ಬರಿಸಿದ ಸೈಲೇಜ್, ಮಾಡಿಡಬೇಕು.

ಹಾಲಿಗೆ ಹೆಪ್ಪು ಹಾಕುತ್ತೇವಲ್ಲ, ಇಲ್ಲಿಯೂ ಅದೇ ಕೆಲಸ. ಹುಲ್ಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಹುಳಿ ಮಾಡುತ್ತದೆ. ಹುಳಿಯನ್ನು ಪಿಎಚ್‌ನಲ್ಲಿ ಅಳೆಯುತ್ತಾರೆ, ಹುಳಿ ಹೆಚ್ಚಿದಷ್ಟೂ ಅದು ಇಳಿಯುತ್ತದೆ. ಪಿಎಚ್ 4ರ ಹತ್ತಿರ ಬಂದರೆ ಮೇವು ಕೊಳೆಯುವುದಿಲ್ಲ. ಈ ಬ್ಯಾಕ್ಟೀರಿಯಾ ಹುಲ್ಲಿನ ಮೇಲೆ ತಾನಾಗಿಯೇ ಇರುತ್ತದೆ, ಆದರೆ ಸಾಕಷ್ಟು ಇರುತ್ತದೆ ಅಂತ ನಂಬುವ ಹಾಗಿಲ್ಲ. ಅದಕ್ಕೇ ಪ್ಯಾಕೆಟ್ ಕಲ್ಚರ್, ಅಂದರೆ ಪ್ಯಾಕೆಟ್ಟಿನಲ್ಲಿ ಸಿಗುವ ಇದೇ ಬ್ಯಾಕ್ಟೀರಿಯಾದ ಹೆಪ್ಪು. ಪ್ಲಾಂಟರಮ್ ಎಂಬ ಜಾತಿ ಬೇಗ ಹುಳಿ ತರುತ್ತದೆ. ಬುಕ್ನೇರಿ ನಿಧಾನ, ಆದರೆ ಚೀಲ ತೆರೆದ ಮೇಲೆ ಮೇವು ಬಿಸಿಯಾಗದ ಹಾಗೆ ಕಾಯುತ್ತದೆ. ಕಲ್ಚರನ್ನು ಬಾವಿ ನೀರಿನಲ್ಲೇ ಕಲಸಿ. ಕ್ಲೋರಿನ್ ಹಾಕಿದ ನಲ್ಲಿ ನೀರು ಅದನ್ನು ಕೊಲ್ಲುತ್ತದೆ.

ನೇಪಿಯರ್ ಹುಲ್ಲಿನಲ್ಲಿ ನೀರು ಜಾಸ್ತಿ, ಸಕ್ಕರೆ ಕಡಿಮೆ. ಮೊದಲು ಬಾಡಿಸಿ. 2-3 ಸೆಂ.ಮೀ. ಕತ್ತರಿಸಿ, ಮುಷ್ಟಿಯಲ್ಲಿ ಹಿಂಡಿ ನೋಡಿ. ಬೆರಳ ಸಂದಿನಲ್ಲಿ ನೀರು ತೊಟ್ಟಿಕ್ಕಿದರೆ ಇನ್ನೂ ಹಸಿ. ಉಂಡೆ ನಿಧಾನಕ್ಕೆ ಬಿಚ್ಚಿಕೊಂಡರೆ ಹದ. 100 ಕೆ.ಜಿ.ಗೆ 2 ಕೆ.ಜಿ. ಬೆಲ್ಲ ಕರಗಿಸಿ ಚಿಮುಕಿಸಿ. ಕಲಸಿಟ್ಟ ಕಲ್ಚರನ್ನೂ ಚಿಮುಕಿಸಿ. ಆಮೇಲೆ ಚೀಲಕ್ಕೆ ತುಂಬಿ ತುಳಿಯಿರಿ, ಚೆನ್ನಾಗಿ ತುಳಿಯಿರಿ.

ಗಾಳಿ ಒಳಗಿದ್ದರೆ ಯಾವ ಕಲ್ಚರೂ ಮೇವು ಉಳಿಸುವುದಿಲ್ಲ. ಹೋದ ವರ್ಷ ನಮ್ಮ ಒಂದು ಚೀಲಕ್ಕೆ ಇಲಿ ತೂತು ಮಾಡಿತ್ತು, ನಾನು ಗಮನಿಸಿರಲಿಲ್ಲ. ತೆರೆದರೆ ಗೇಣಗಲ ಬಿಳಿ ಬೂಸ್ಟು. ಕೈಯಿಟ್ಟರೆ ಬಿಸಿ. ನಮ್ಮ ಆಕಳು ಗೌರಿ ಮೂಸಿ ಮುಖ ತಿರುಗಿಸಿತು. ಪಕ್ಕದ ಚೀಲದ್ದು ಹಳದಿ ಹಸಿರು, ಹುಳಿ ಮಜ್ಜಿಗೆಯಂಥ ವಾಸನೆ. ಅದನ್ನು ತಂದರೆ ಬುಟ್ಟಿ ಕೆಳಗಿಡಲೂ ಬಿಡಲಿಲ್ಲ! ಬೂಸ್ಟು ಮೇವನ್ನು ಗೊಬ್ಬರ ಗುಂಡಿಗೆ ಹಾಕಿ. ಗಬ್ಬದ ಆಕಳು ತಿಂದರೆ ಕಂದು ಹಾಕುವ ಭಯ ಇದೆ.

ಕಾರವಾರ, ಮಾಜಾಳಿ ಕಡೆಯವರಿಗೆ ಒಂದು ಮಾತು. ದಂಡೆಗೆ ಬಂದು ಬೀಳುವ ಕಡಲ ಪಾಚಿ ಪುಕ್ಕಟೆ ಸಿಗುತ್ತದೆ, ಅಲ್ವಾ? ಅದರಲ್ಲಿ ಖನಿಜವೂ ಇದೆ. ಆದರೆ ಉಪ್ಪು, ಅಯೋಡಿನ್ ಜಾಸ್ತಿ. ಅದರ ಸಕ್ಕರೆಯೂ ಬೇರೆ ಥರದ್ದು, ಹುಳಿ ಸುಲಭಕ್ಕೆ ಏರುವುದಿಲ್ಲ. ಕೆಲವು ಪಾಚಿ ಆರ್ಸೆನಿಕ್ ಕೂಡ ಹೀರಿಕೊಂಡಿರುತ್ತದೆ. ದಯವಿಟ್ಟು ಬಾಚಿ ತಂದು ಸುಮ್ನೆ ಚೀಲಕ್ಕೆ ತುಂಬಬೇಡಿ. ಕೊಡಲೇಬೇಕೆಂದರೆ ಪರೀಕ್ಷೆ ಮಾಡಿದ ಪುಡಿಯನ್ನು ಪಶುವೈದ್ಯರು ಹೇಳಿದಷ್ಟೇ, ಹಿಂಡಿಯ ಜೊತೆ ಕೊಡಿ.

ಚೀಲ ಕಟ್ಟಿದ ತಾರೀಕು ಚೀಲದ ಮೇಲೇ ಬರೆಯಿರಿ. 45 ದಿನ ಮುಟ್ಟಬೇಡಿ. ತೆರೆದ ಮೇಲೆ ಹಾಲು ಕರೆದಾದ ನಂತರವೇ ಹಾಕಿ, ಇಲ್ಲವಾದರೆ ಹಾಲಿಗೆ ವಾಸನೆ ಹತ್ತುತ್ತದೆ. ನಮಸ್ಕಾರ.