ಈ ಮೊಳೆ ಹೊಸದಾ, ಡಾಕ್ಟ್ರೇ?

ಕೇಳುಗರಿಗೆ ನಮಸ್ಕಾರ.

ನಮ್ಮ ಕ್ಲಿನಿಕ್ಕಿನ ಎದುರಿಗೇ ಒಂದು ಕಟಿಂಗ್ ಶಾಪ್ ಇದೆ. ಅದರ ಮಾಲೀಕರು ಒಂದು ದಿನ ಹುಳುಕು ಹಲ್ಲು ತೋರಿಸಲು ಬಂದರು. ಕುರ್ಚಿಯಲ್ಲಿ ಒರಗಿಸಿ ಹಲ್ಲು ಕೊರೆಯುವ ಏರೋಟರ್ ಕೈಗೆತ್ತಿಕೊಂಡೆ. ಅವರು ಬಾಯಿ ತೆರೆಯಲೇ ಇಲ್ಲ. "ಡಾಕ್ಟ್ರೇ, ನಾನು ಒಬ್ಬೊಬ್ಬರಿಗೂ ಹೊಸ ಬ್ಲೇಡ್ ಮುರಿದು ಹಾಕ್ತೀನಿ. ನಿಮ್ಮ ಈ ಮೊಳೆ ಹೊಸದಾ?" ಅಂದರು.

ಹೊಸದಾಗಿರಲಿಲ್ಲ. ಗಡಿಬಿಡಿಯಲ್ಲಿ ಏನೋ ಹೇಳಿ ಜಾರಿಕೊಂಡೆ. ಇವತ್ತು ನಿಧಾನವಾಗಿ ಉತ್ತರ ಕೊಡುತ್ತೇನೆ.

ಅವರು ಮೊಳೆ ಅಂದದ್ದನ್ನು ನಾವು ಬರ್ ಅನ್ನುತ್ತೇವೆ. ಕಡ್ಡಿಯ ದಪ್ಪ 1.6 ಮಿಲಿಮೀಟರ್. ತುದಿ ಸಾಸಿವೆ ಕಾಳಿಗಿಂತ ಚಿಕ್ಕದೂ ಇರುತ್ತದೆ. ನಿಮಿಷಕ್ಕೆ 3 ಲಕ್ಷ ಸುತ್ತಿನ ವೇಗ. ಟಂಗ್‌ಸ್ಟನ್ ಕಾರ್ಬೈಡಿನ ಬರ್‌ಗೆ ಸಣ್ಣ ಸಣ್ಣ ಅಲಗುಗಳಿರುತ್ತವೆ. ಡೈಮಂಡ್ ಬರ್‌ಗೆ ಅಲಗಿಲ್ಲ, ಉಕ್ಕಿನ ಕಡ್ಡಿಯ ಮೇಲೆ ವಜ್ರದ ಪುಡಿಯನ್ನು ನಿಕ್ಕಲ್ ಲೇಪದಲ್ಲಿ ಕೂರಿಸಿರುತ್ತಾರೆ. ವಜ್ರ ಅಂದ ತಕ್ಷಣ ಹೆದರಬೇಡಿ, ಸಾಧಾರಣದ್ದು 100 ರೂಪಾಯಿ ಆಸುಪಾಸು.

ಮನೆಯ ತುರಿಮಣೆ ನೆನಪಿಸಿಕೊಳ್ಳಿ. ಕಾಯಿ ತುರಿದ ಕೂಡಲೇ ತೊಳೆದರೆ ಹಲ್ಲಿನ ಸಂದಿಯ ತುರಿ ಹೋಗುತ್ತದೆ. ಸಂಜೆಯವರೆಗೆ ಬಿಟ್ಟರೆ ಒಣಗಿ ಕಚ್ಚಿಕೊಳ್ಳುತ್ತದೆ. ಬರ್ ಕೂಡ ಹಾಗೇ. ಅದರ ಸಂದಿಯಲ್ಲಿ ಕೂರುವುದು ಹಲ್ಲಿನ ಪುಡಿ, ಎಂಜಲು, ಕೆಲವೊಮ್ಮೆ ರಕ್ತ. ಆಟೋಕ್ಲೇವ್ ಅಂದರೆ ಒಂದು ಬಗೆಯ ಪ್ರೆಶರ್ ಕುಕ್ಕರ್. 121 ಡಿಗ್ರಿ ಹಬೆಯಲ್ಲಿ 15-20 ನಿಮಿಷ ಇಟ್ಟರೆ ರೋಗಾಣು ಸಾಯುತ್ತದೆ, ನಿಜ. ಆದರೆ ಹಬೆ ತಾಗಬೇಕಲ್ವಾ? ಒಣಗಿದ ರಕ್ತದ ಅಡಿಗೆ ಅದು ಇಳಿಯುತ್ತದೆ ಅನ್ನುವ ಭರವಸೆ ಇಲ್ಲ.

ಹಾಗಾಗಿ ನಮ್ಮಲ್ಲಿ ಬಳಸಿದ ಬರ್ ಮೊದಲು ಬೀಳುವುದು ನೀರಿನ ಬಟ್ಟಲಿಗೆ. ಆಮೇಲೆ ಶಬ್ದದ ಕಂಪನದಿಂದ ಕೊಳೆ ಬಿಡಿಸುವ ಅಲ್ಟ್ರಾಸೋನಿಕ್ ತೊಟ್ಟಿ, ಬ್ರಷ್ಷು, ಕೊನೆಗೆ ಭೂತಗನ್ನಡಿ. ಸಂದಿಯಲ್ಲಿ ಬಿಳಿ ಪುಡಿ ಕಂಡರೆ ನಮ್ಮ ಸಹಾಯಕಿ ಮುಖ ಸಿಂಡರಿಸಿ ಮತ್ತೆ ತೊಟ್ಟಿಗೆ ಹಾಕುತ್ತಾಳೆ. ಪಾಸಾದದ್ದು ಪ್ಯಾಕೆಟ್ಟಿಗೆ, ಅಲ್ಲಿಂದ ಆಟೋಕ್ಲೇವಿಗೆ. ಎಷ್ಟನೇ ಸಲ ಅಂತ ಪ್ಯಾಕೆಟ್ ಮೇಲೆ ಗೀಟು ಹಾಕುತ್ತಾಳೆ. ಮೊದಮೊದಲು ನಾನು ಇಷ್ಟೆಲ್ಲ ಮಾಡುತ್ತಿರಲಿಲ್ಲ. ಗ್ಲುಟರಾಲ್ಡಿಹೈಡ್ ದ್ರಾವಣದಲ್ಲಿ 10 ನಿಮಿಷ ಅದ್ದಿ ಮುಂದಿನವರಿಗೆ ಬಳಸುತ್ತಿದ್ದೆ. ಆ ದ್ರಾವಣದಲ್ಲಿ ಎಲ್ಲ ರೋಗಾಣು ಸಾಯಬೇಕಾದರೆ 10 ಗಂಟೆ ಬೇಕು. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಗೀಟು ಯಾಕೆ? ಬರ್ ಮೊಂಡಾಗುತ್ತದೆ. ಮೊಂಡಾದರೆ ಕೈ ಒತ್ತುತ್ತದೆ, ಒತ್ತಿದರೆ ಹಲ್ಲು ಕಾಯುತ್ತದೆ. 1965ರಲ್ಲಿ ಕೋತಿಗಳ ಮೇಲೆ ನಡೆದ ಒಂದು ಪ್ರಯೋಗದಲ್ಲಿ ಹಲ್ಲಿನ ತಿರುಳಿನ ಬಿಸಿ 5.5 ಡಿಗ್ರಿ ಏರಿದ್ದಕ್ಕೇ ನೂರಕ್ಕೆ 15 ಹಲ್ಲುಗಳ ತಿರುಳು ಚೇತರಿಸಿಕೊಳ್ಳಲಿಲ್ಲ. 100 ರೂಪಾಯಿ ಉಳಿಸಲು ಹೋಗಿ ಪೇಷಂಟಿಗೆ ರೂಟ್ ಕೆನಾಲ್ ತಂದಿಟ್ಟ ಹಾಗೆ.

ವಸಡು ಕೊಯ್ಯುವ ಬ್ಲೇಡಿನ ವಿಚಾರದಲ್ಲಿ ಚರ್ಚೆಯೇ ಇಲ್ಲ. ಹಿಡಿ ಉಳಿಯುತ್ತದೆ, ಬ್ಲೇಡ್ ಒಬ್ಬರಿಗೇ. ಆಮೇಲೆ ಅದು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮವೂ ಅದನ್ನೇ ಹೇಳುತ್ತದೆ.

ತಲೆನೋವು ರೂಟ್ ಕೆನಾಲ್ ಫೈಲಿನದು. ಬೇರಿನೊಳಗಿನ ತಿರುಳು ಕೆರೆದು ತೆಗೆಯುವ ದಾರದಂಥ ಸೂಜಿ, ಮೈತುಂಬ ಸುರುಳಿ. ಅದರಲ್ಲಿ ಅಂಟಿದ ತಿರುಳು ಪೂರ್ತಿ ಹೋಗುವುದು ಕಷ್ಟ. ಬ್ರಿಟನ್ನಿನ ಆರೋಗ್ಯ ಇಲಾಖೆ 2007ರಲ್ಲಿ ಫೈಲನ್ನು ಒಬ್ಬರಿಗೆ ಬಳಸಿ ಎಸೆಯಿರಿ ಎಂದಿತು. ಹುಚ್ಚು ಹಸು ರೋಗಕ್ಕೆ ಸಂಬಂಧಪಟ್ಟ, ಮನುಷ್ಯರಿಗೆ ಬರುವ ಮಿದುಳಿನ ಕಾಯಿಲೆಯ ಭಯ ಅವರಿಗೆ. ನಮ್ಮ ಭಯ ಇನ್ನೂ ಸರಳ. ಹಳೇ ಫೈಲು ಬೇರಿನೊಳಗೇ ಮುರಿದು ಕೂತರೆ ತೆಗೆಯುವವರು ಯಾರು?

ಹಾಗಾಗಿ ನನ್ನ ಲೆಕ್ಕ ಇಷ್ಟೇ. ಫೈಲು ಒಬ್ಬರಿಗೆ. ಮೂಳೆ ಕೊರೆದ ಬರ್ ಕೂಡ ಒಬ್ಬರಿಗೆ. ಕಂಪನಿಯ ಪ್ಯಾಕೆಟ್ ಮೇಲೆ 2 ಅಂಕಿಗೆ ಅಡ್ಡಗೆರೆ ಎಳೆದಿದ್ದರೆ ಮಾತೇ ಇಲ್ಲ, ಮರುಬಳಕೆ ಬೇಡ ಅಂತಲೇ ಅದರ ಅರ್ಥ. ಬರೀ ಹುಳುಕು ತೆಗೆದು ಸಿಮೆಂಟ್ ತುಂಬುವ ಬರ್ ತೊಳೆದು ಬಳಸುತ್ತೇನೆ.

ಕಟಿಂಗ್ ಶಾಪಿನವರು ಮೊನ್ನೆ ಮತ್ತೆ ಬಂದಿದ್ದರು. ಅವರ ಕಣ್ಣೆದುರೇ ಪ್ಯಾಕೆಟ್ ಹರಿದೆ. ಆಟೋಕ್ಲೇವಿನ ಹಬೆಗೆ ಬಣ್ಣ ತಿರುಗಿದ ಗುರುತು ನೋಡಿದರು, ಗೀಟು ಎಣಿಸಿದರು.

"ಇದೂ ಹೊಸದಲ್ಲ, ಅಲ್ವಾ?"

"ಅಲ್ಲ, ನಾಲ್ಕನೇ ಸಲ."

ಬಾಯಿ ತೆರೆದರು.

ನಮಸ್ಕಾರ.