ಬೆಕ್ಕಿಗೆ ಹೊಡೆಯಬೇಡಿ, ಮೊದಲು ಕಿಟಕಿ ನೋಡಿ

ನಮಸ್ಕಾರ ರೀ ಎಲ್ಲರಿಗೂ. ಕಲಬುರಗಿಯಿಂದ ಮಾತಾಡುತ್ತಿದ್ದೇನೆ. ಇವತ್ತು ಬೇಸಿಗೆಯಲ್ಲಿ ನಾಯಿ, ಬೆಕ್ಕಿಗೆ ಏನು ಊಟ ಹಾಕಬೇಕು ಅಂತ ಹೇಳುವುದಿತ್ತು. ಅದನ್ನು ಪಕ್ಕಕ್ಕೆ ಇಟ್ಟಿದ್ದೇನೆ. ಯಾಕಂದ್ರೆ ನಮ್ಮ ಎಪಿಸೋಡ್ ಕೇಳುವ ಕಾಕಾ ಒಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ದಾರೆ. ಅದನ್ನು ಕೇಳಿದಾಗಿನಿಂದ ತಲೆ ಕಾದು ಕೂತಿದೆ.

ಅವರು ಹೇಳಿದ್ದು ಇಷ್ಟು: "ತಮ್ಮಾ, ನಮ್ಮ ಗಂಡು ಬೆಕ್ಕಿಗಿ ರೊಕ್ಕ ಕೊಟ್ಟು ಆಪರೇಷನ್ ಮಾಡಸೀವಿ. ಆದ್ರೂ ಬಿಟ್ಟಿಲ್ಲ. ಬಾಗಿಲಿಗಿ ಉಚ್ಚಿ ಹೊಡಿಲತ್ತದ, ಕೂಲರಿಗಿ ಹೊಡಿಲತ್ತದ, ಅಲಮಾರಿಗಿ ಹೊಡಿಲತ್ತದ. ನಾ ಬೈದೀನಂತ ನನ್ನ ಮ್ಯಾಲ ಸೇಡು ತೀರಸ್ಕೊಳ್ಳಲತ್ತದ. ಗೋಣಿಚೀಲದಾಗ ಹಾಕಿ ರಿಂಗ್ ರೋಡ್ ಆಚಿಗಿ ಬಿಟ್ಟು ಬರ್ತೀನಿ."

ಕಾಕಾ, ನಿಮ್ಮ ಮೇಲೆ ಗೌರವ ಇದೆ. ಆದರೆ ಇದು ಶುದ್ಧ ತಪ್ಪು. ಬೆಕ್ಕು ಸೇಡು ತೀರಿಸಿಕೊಳ್ಳುತ್ತಿಲ್ಲ. ಅದಕ್ಕೆ ಕಸಿವಿಸಿ ಆಗಿದೆ, ಹೆದರಿಕೆ ಆಗಿದೆ. "ಇದು ನನ್ನ ಮನೆ, ಇಲ್ಲಿ ನಾನಿದ್ದೇನೆ" ಅಂತ ಬರೆದು ಹಚ್ಚುತ್ತಿದೆ. ಯಾರಿಗೆ ಬರೆದಿದ್ದು? ನಿಮಗಲ್ಲ. ಅದು ಗೊತ್ತಾಗಬೇಕಾದರೆ ಬೆಕ್ಕನ್ನು ದುರುಗುಟ್ಟಿ ನೋಡುವುದು ಬಿಡಿ. ಕಿಟಕಿ ನೋಡಿ.

ಹೊಸಬರು ಯಾರಾದರೂ ಇದ್ದರೆ ಸಬ್‌ಸ್ಕ್ರೈಬ್ ಮಾಡಿಕೊಳ್ಳಿ, ಗಂಟೆ ಒತ್ತಿ. ಕನ್ನಡದಲ್ಲಿ ಬೆಕ್ಕಿನ ಬಗ್ಗೆ ಇಷ್ಟು ಕೂತು ಮಾತಾಡುವವರು ಕಡಿಮೆ ಇದ್ದಾರೆ.

ಮೊದಲು ಇದೊಂದು ತಿಳಿದುಕೊಳ್ಳಿ. ಉಚ್ಚೆ ಹೊಯ್ಯುವುದು ಬೇರೆ, ಸ್ಪ್ರೇ ಹೊಡೆಯುವುದು, ಅಂದ್ರೆ ಗುರುತು ಹಾಕಲು ಉಚ್ಚೆ ಚಿಮ್ಮಿಸುವುದು, ಬೇರೆ. ಉಚ್ಚೆ ಬಂದ ಬೆಕ್ಕು ಕುಕ್ಕರು ಕೂರುತ್ತದೆ, ನೆಲದ ಮೇಲೆ ಜಾಸ್ತಿ ಹೊಯ್ಯುತ್ತದೆ. ಸ್ಪ್ರೇ ಹೊಡೆಯುವ ಬೆಕ್ಕು ನಿಂತೇ ಇರುತ್ತದೆ. ಗೋಡೆಗೆ ಬೆನ್ನು ಕೊಡುತ್ತದೆ. ಬಾಲ ನೆಟ್ಟಗೆ ಮೇಲೆ. ಹಿಂಗಾಲು ಎರಡೂ ಒಂದೊಂದೇ ಎತ್ತಿ ಇಡುತ್ತದೆ. ಬಾಲದ ತುದಿ ಗಡಗಡ ನಡುಗುತ್ತದೆ. ಚುರ್ ಅಂತ ಸ್ವಲ್ಪೇ ಸ್ವಲ್ಪ ಗೋಡೆಗೆ ಬೀಳುತ್ತದೆ, ನಾವು ಕೂತರೆ ನಮ್ಮ ಮೊಣಕಾಲು ಇರುವ ಎತ್ತರಕ್ಕೆ. ಅಲ್ಲಿಂದ ಒಂದು ಗೆರೆ ಕೆಳಗೆ ಇಳಿಯುತ್ತದೆ. ಆ ಗೆರೆ ಇದ್ದರೆ ಸ್ಪ್ರೇ.

"ಆಪರೇಷನ್ ಆದ ಮೇಲೂ ಹೊಡೆದರೆ ಡಾಕ್ಟರ್ ಸರಿಯಾಗಿ ಮಾಡಿಲ್ಲ" ಅನ್ನುವವರು ಇದ್ದಾರೆ. ಇಲ್ಲ ರೀ. ಬೀಜ ತೆಗೆದ ಮೇಲೆ ಕೆಲವು ವಾರದಲ್ಲಿ ಗಂಡು ಹಾರ್ಮೋನ್ ಇಳಿದು ಹೋಗುತ್ತದೆ. ಹತ್ತರಲ್ಲಿ ಸುಮಾರು ಒಂಬತ್ತು ಗಂಡು ಬೆಕ್ಕು ಸ್ಪ್ರೇ ಬಿಟ್ಟುಬಿಡುತ್ತವೆ, ಇಲ್ಲವೇ ಬಹಳ ಕಡಿಮೆ ಮಾಡುತ್ತವೆ. ಆದರೂ ಆಪರೇಷನ್ ಆದ ಗಂಡು ಬೆಕ್ಕುಗಳಲ್ಲಿ 100ಕ್ಕೆ 10ರಷ್ಟು ಹೊಡೆಯುತ್ತಲೇ ಇರುತ್ತವೆ. ಆಪರೇಷನ್ ಆದ ಹೆಣ್ಣು ಬೆಕ್ಕುಗಳಲ್ಲೂ 100ಕ್ಕೆ 5ರಷ್ಟು ಹೊಡೆಯುತ್ತವೆ. ಹೆಣ್ಣು ಬೆಕ್ಕಿಗೆ ಎಲ್ಲಿಯ ಬೀಜ? ಅಂದರೆ ಕಾರಣ ಬರೀ ಹಾರ್ಮೋನ್ ಅಲ್ಲ, ಬೇರೆ ಏನೋ ಇದೆ ಅಂತ ಆಯ್ತಲ್ವಾ. ಆ ಬೇರೆ ಏನೋ ಬಹಳಷ್ಟು ಸಲ ಕಿಟಕಿ ಹೊರಗೆ ಕೂತಿರುತ್ತದೆ. ಅದಕ್ಕೇ ಹೇಳುತ್ತಿದ್ದೇನೆ, ಕಿಟಕಿ ನೋಡಿ.

ಈಗ ನಮ್ಮ ಊರಿನ ಮನೆ ನೆನಪು ಮಾಡಿಕೊಳ್ಳಿ. ಗೋಡೆಗೆ ಗೋಡೆ ಹತ್ತಿರುತ್ತದೆ. ಮಾಳಿಗೆಯಿಂದ ಮಾಳಿಗೆಗೆ ಬಾವುಗ ಬೆಕ್ಕು ಆರಾಮಾಗಿ ಓಡಾಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 42, 43 ಡಿಗ್ರಿ ಬಿಸಿಲು. ರಾತ್ರಿ ಕಿಟಕಿ ಮುಚ್ಚಿ ಮಲಗುವವರು ಯಾರು? ಆ ಕಿಟಕಿಗೆ ಏನು ಇಟ್ಟಿರುತ್ತೇವೆ? ಕೂಲರ್. ಅರ್ಧ ಒಳಗೆ, ಅರ್ಧ ಹೊರಗೆ, ಕಬ್ಬಿಣದ ಸ್ಟ್ಯಾಂಡಿನ ಮೇಲೆ.

ನಮ್ಮ ಮನೆಯ ಭೀಮ್ಯಾ ಆಪರೇಷನ್ ಆದ ಗಂಡು. ಅವನು ಹೊಡೆಯುತ್ತಿದ್ದದ್ದು ಒಂದೇ ಕಡೆ, ಕೂಲರ್ ಜಾಳಿಗೆಯ ಎಡಗಡೆ ಮೂಲೆಗೆ. ಎಲ್ಲರೂ ಒಳಗೆ ನಿಂತು ಅವನನ್ನೇ ಬೈಯುತ್ತಿದ್ದರು. ನಾನು ಹೊರಗೆ ಹೋಗಿ ಕೂಲರ್ ಹಿಂದೆ ಬಗ್ಗಿ ನೋಡಿದೆ. ಹುಲ್ಲಿನ ಪ್ಯಾಡ್ ಮೇಲೆ, ಅದೇ ಎಡಗಡೆ, ಕಂದು ಬಣ್ಣದ ಕಲೆ ಒಂದರ ಮೇಲೆ ಒಂದು ಒಣಗಿ ಕೂತಿತ್ತು. ತಗಡಿನ ಅಂಚಿಗೆ ಬೆಕ್ಕಿನ ಕೂದಲು ಅಂಟಿತ್ತು. ಓಣಿಯ ಬಾವುಗ ದಿನಾ ಅಲ್ಲಿಗೆ ಬಂದು ತನ್ನ ಹೆಸರು ಬರೆದು ಹೋಗುತ್ತಿದ್ದ. ಒಳಗಿದ್ದ ನಮ್ಮವನು ಉತ್ತರ ಬರೆಯುತ್ತಿದ್ದ. ಫ್ಯಾನ್ ತಿರುಗಿದ ಕೂಡಲೇ ಹೊರಗಿನವನ ವಾಸನೆ ಸೀದಾ ನಮ್ಮವನ ಮೂಗಿಗೆ ಬರುತ್ತಿತ್ತು. ರಾತ್ರಿಯಿಡೀ ಅಪರಿಚಿತ ಗಂಡು ಬೆಕ್ಕಿನ ವಾಸನೆಯನ್ನು ನಾವೇ ಕರೆಂಟ್ ಬಿಲ್ ಕಟ್ಟಿ ಮನೆ ತುಂಬಾ ಹರಡುತ್ತಿದ್ದೆವು. ಬೈಸಿಕೊಂಡಿದ್ದು ಮಾತ್ರ ಭೀಮ್ಯಾ!

ಪ್ಯಾಡ್ ಬದಲಾಯಿಸಿದೆವು. ತಗಡು ತೊಳೆದೆವು. ಹೊರಗಿನ ಬೆಕ್ಕು ಹತ್ತಿ ಕೂರುತ್ತಿದ್ದ ಹಳೆ ಡಬ್ಬ, ಇಟ್ಟಿಗೆ ತೆಗೆದೆವು. ಕಿಟಕಿಯ ಕೆಳಗಿನ ಅರ್ಧಕ್ಕೆ ಆಚೆ ಕಾಣದ ಹಾಗೆ ರಟ್ಟು ಹೊಡೆದೆವು. ನಮ್ಮವನು ಒಂದೇ ದಿನಕ್ಕೆ ಬಿಡಲಿಲ್ಲ, ನಿಧಾನಕ್ಕೆ ಬಿಟ್ಟ.

ನೀವೂ ಒಂದು ಕೆಲಸ ಮಾಡಿ. ಎಲ್ಲೆಲ್ಲಿ ಹೊಡೆದಿದೆ ಅಂತ ಚೀಟಿಯಲ್ಲಿ ಬರೆಯಿರಿ. ಕಿಟಕಿ ಕೆಳಗೆ, ಹೊರಬಾಗಿಲ ಹತ್ತಿರ, ಪರದೆಗೆ ಅಂದ್ರೆ ತೊಂದರೆ ಹೊರಗಿನಿಂದ ಬಂದಿದೆ. ಒಳಬಾಗಿಲ ಚೌಕಟ್ಟಿಗೆ, ಪಡಸಾಲೆಗೆ, ಎರಡು ಬೆಕ್ಕು ಎದುರುಬದುರಾಗುವ ಜಾಗಕ್ಕೆ ಅಂದ್ರೆ ಮನೆಯೊಳಗಿನ ಬೆಕ್ಕುಗಳಲ್ಲೇ ಜಗಳ ಇದೆ. ಹೊಸ ಸೋಫಾಕ್ಕೆ, ಊರಿಂದ ಬಂದವರ ಬ್ಯಾಗಿಗೆ ಹೊಡೆದರೆ ಹೊಸ ವಾಸನೆಗೆ ಗಾಬರಿ ಆಗಿದೆ. ಮನೆ ಬದಲಿಸಿದರೆ, ಕೂಸು ಹುಟ್ಟಿದರೆ, ಬಣ್ಣ ಹೊಡೆಸಿದರೆ ಕೂಡ ಶುರು ಮಾಡಬಹುದು. ಬೆಕ್ಕು ಎಷ್ಟಿವೆಯೋ ಅದಕ್ಕಿಂತ ಒಂದು ಜಾಸ್ತಿ ಉಸುಕಿನ ಟ್ರೇ, ಅಂದ್ರೆ ಬೆಕ್ಕಿನ ಸಂಡಾಸ್, ಇಡಿ. ಎಲ್ಲವನ್ನೂ ಒಂದೇ ಮೂಲೆಯಲ್ಲಿ ಸಾಲಾಗಿ ಇಡಬೇಡಿ. ದಿನಾ ತೆಗೆದು ಸ್ವಚ್ಛ ಮಾಡಿ. ಸಾಮಾನ್ಯವಾಗಿ ಬೆಕ್ಕು ತಾನು ಉಣ್ಣುವ ಜಾಗಕ್ಕೆ ಹೊಡೆಯುವುದಿಲ್ಲ. ಹೊಡೆದ ಜಾಗ ತೊಳೆದು ಒಣಗಿದ ಮೇಲೆ ಅಲ್ಲೇ ಊಟದ ಬಟ್ಟಲು ಇಟ್ಟು ನೋಡಿ.

ಆದರೆ ಟ್ರೇಗಿಂತ ಮೊದಲು ಕಿಟಕಿ. ಇದನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಇನ್ನು ತೊಳೆಯುವ ವಿಷಯ. ಅವ್ವಂದಿರು, ಅಕ್ಕಂದಿರು, ವೈನಿಗಳು ದಯವಿಟ್ಟು ಕೇಳಿ. ಫಿನಾಯಿಲ್ ಬೇಡ. ಬೇಡವೇ ಬೇಡ. ನಮ್ಮ ಲಿವರ್ ಫೀನಾಲ್ ಅನ್ನೋ ವಿಷವನ್ನು ಕರಗಿಸಿ ಹೊರಗೆ ಹಾಕುತ್ತದೆ. ಬೆಕ್ಕಿನ ಲಿವರ್‌ಗೆ ಆ ಶಕ್ತಿ ಸರಿಯಾಗಿ ಇಲ್ಲ. ಒರೆಸಿದ ನೆಲದ ಮೇಲೆ ನಡೆಯುತ್ತದೆ, ಆಮೇಲೆ ಕಾಲು ನೆಕ್ಕುತ್ತದೆ, ವಿಷ ಹೊಟ್ಟೆಗೆ ಹೋಗುತ್ತದೆ. ಬಕೆಟ್ ನೀರಿಗೆ ಹಾಕಿದ ಕೂಡಲೇ ಬೆಳ್ಳಗೆ ಕದಡುವ ಔಷಧಿ ಯಾವುದಿದ್ದರೂ ಬೆಕ್ಕಿರುವ ಮನೆಯಲ್ಲಿ ದೂರ ಇಡಿ. ಅಮೋನಿಯಾ ಇರುವ ಕ್ಲೀನರ್ ಕೂಡ ಬೇಡ, ಆ ವಾಸನೆಯೇ ಉಚ್ಚೆಯದು.

"ಆ್ಯಸಿಡ್ ಹಾಕುತ್ತೇವೆ" ಅಂತಾರೆ ಕೆಲವರು. ಎಲ್ಲಿಗೆ? ಶಹಾಬಾದ್ ಕಲ್ಲಿಗಾ? ನಮ್ಮ ಅರ್ಧ ಜಿಲ್ಲೆಯ ಮನೆಗಳಿಗೆ ಹಾಸಿರುವುದು ಅದೇ ಕಲ್ಲು. ಅದು ಸುಣ್ಣದ ಕಲ್ಲು ರೀ! ಆ್ಯಸಿಡ್ ಬಿದ್ದರೆ ಬುಸ್ ಅಂತ ನೊರೆ ಬರುತ್ತದೆ, ಮೇಲಿನ ಪದರ ತಿಂದು ಹೋಗುತ್ತದೆ, ಕಲ್ಲು ಇನ್ನೂ ಜಾಸ್ತಿ ಉಚ್ಚೆ ಹೀರುತ್ತದೆ. ಯಾರೋ ಎಲ್ಲೋ ವಿನೆಗರ್ ಹಾಕಿ ಅಂದರಂತೆ. ಅದೂ ಆ್ಯಸಿಡ್ಡೇ. ನಿಂಬೆಹಣ್ಣೂ ಅಷ್ಟೇ. ಎನ್‌ಝೈಮ್, ಅಂದ್ರೆ ಕಲೆಯನ್ನು ಒಡೆದು ಹಾಕುವ ವಸ್ತು, ಇರುವ ಕ್ಲೀನರ್ ತನ್ನಿ, ಸಾಕುಪ್ರಾಣಿ ಅಂಗಡಿಯಲ್ಲಿ, ಆನ್‌ಲೈನ್‌ನಲ್ಲಿ ಸಿಗುತ್ತದೆ. ಇಲ್ಲದಿದ್ದರೆ ಎನ್‌ಝೈಮ್ ಇರುವ ಬಟ್ಟೆ ಪೌಡರ್, ಪ್ಯಾಕೆಟ್ ಮೇಲೆ ಬರೆದಿರುತ್ತದೆ. ಸುಮ್ನೆ ಒರೆಸಿ ಎದ್ದು ಹೋಗಬೇಡಿ, ನೆನೆಯಲು ಬಿಡಿ. ಬೆಕ್ಕಿನ ಉಚ್ಚೆಯಲ್ಲಿರುವ ಯೂರಿಕ್ ಆಮ್ಲ ಬರೀ ನೀರಿಗೆ ಸರಿಯಾಗಿ ಕರಗುವುದಿಲ್ಲ. ಒಣಗಿ ಕೂತಿರುತ್ತದೆ. ಕೂಲರ್ ಹಚ್ಚಿ ಗಾಳಿಗೆ ತೇವ ಬಂದ ಕೂಡಲೇ ಹಳೆ ವಾಸನೆ ಮತ್ತೆ ಏಳುತ್ತದೆ. ನೀವು ಹೊಸದಾಗಿ ಹೊಡೆದಿದೆ ಅಂತ ಮತ್ತೆ ಬೆಕ್ಕಿಗೆ ಬೈಯುತ್ತೀರಿ.

ಬೈಯುವುದಷ್ಟೇ ಆದರೆ ಹೋಗಲಿ. ಕುತ್ತಿಗೆ ಹಿಡಿದು ಮೂಗನ್ನು ಉಚ್ಚೆಗೆ ತಿಕ್ಕುತ್ತಾರೆ. ಕಸಬರಿಗೆಯಿಂದ ಹೊಡೆಯುತ್ತಾರೆ. ಹೆದರಿಕೆಗೆ ಹೊಡೆದ ಸ್ಪ್ರೇಗೆ ಇನ್ನಷ್ಟು ಹೆದರಿಸುವುದು ಔಷಧಿಯಾ? ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗೆ. ಮೊದಲು ಅದಕ್ಕೆ ಹೊರಗಿನವನ ಭಯ ಮಾತ್ರ ಇತ್ತು. ಈಗ ನಿಮ್ಮದೂ ಸೇರಿತು.

"ನಮ್ಮ ಆಯಿ ಕಾಲದಾಗ ಇವೆಲ್ಲ ಇರಲಿಲ್ಲ" ಅನ್ನುತ್ತಾರೆ. ಇತ್ತು. ಆಗ ಬೆಕ್ಕು ಹೊರಗೆ ಇರುತ್ತಿತ್ತು, ಹೊರಗೆ ಹೊಡೆಯುತ್ತಿತ್ತು. ಹಗೇವಿನ ಹತ್ತಿರ, ದನದ ಕೊಟ್ಟಿಗೆ ಹತ್ತಿರ ಹೊಡೆದರೆ ಯಾರ ಮೂಗಿಗೆ ಬರಬೇಕು? ಈಗ ನೀವು ಅದನ್ನು ಎರಡು ರೂಮಿನಲ್ಲಿ ಇಟ್ಟಿದ್ದೀರಿ. ಕಿಟಕಿಯಲ್ಲಿ ವೈರಿ ಕಾಣುತ್ತಾನೆ, ಹೋಗಿ ಓಡಿಸಲು ದಾರಿ ಇಲ್ಲ. ಪಾಪದ ಪ್ರಾಣಿ ಇನ್ನೇನು ಮಾಡಬೇಕು?

ಒಂದು ವಿಷಯಕ್ಕೆ ಮಾತ್ರ ಕಿಟಕಿ ನೋಡುತ್ತಾ ಕೂರಬೇಡಿ. ಬೆಕ್ಕು ಮತ್ತೆ ಮತ್ತೆ ಟ್ರೇಗೆ ಹೋಗಿ ಮುಕ್ಕರಿಯುತ್ತಿದೆ, ಅಳುತ್ತಿದೆ, ಒಂದೆರಡು ಹನಿ ಬೀಳುತ್ತದೆ ಅಥವಾ ಏನೂ ಬರುವುದಿಲ್ಲ, ರಕ್ತ ಕಾಣುತ್ತದೆ. ಇದು ಸ್ಪ್ರೇ ಅಲ್ಲ, ಉಚ್ಚೆ ಕಟ್ಟಿದೆ. ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಣ್ಣದು, ಹರಳು ಸಿಕ್ಕಿಕೊಂಡು ಬಂದ್ ಆಗುತ್ತದೆ. ಒಂದೆರಡು ದಿನದಲ್ಲಿ ಜೀವ ಹೋಗುತ್ತದೆ. ಅದೇ ಹೊತ್ತಿಗೆ ಎತ್ತಿಕೊಂಡು ಪಶುವೈದ್ಯರ ಹತ್ತಿರ ಓಡಿ, ರಾತ್ರಿ ಇದ್ದರೂ ಓಡಿ. ಬರೀ ಸ್ಪ್ರೇ ಇದ್ದರೂ ಒಂದು ಸಲ ಮೂತ್ರ ಪರೀಕ್ಷೆ ಮಾಡಿಸಿ. ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ನಮ್ಮ ಪಕ್ಕದ ಬೀದರ್‌ನ ನಂದಿನಗರದಲ್ಲಿದೆ. 2017ರಿಂದ ಕಲಬುರಗಿ–ಬೀದರ್ ರೈಲು ಕೂಡ ಇದೆ. ನಮ್ಮ ಭಾಗದಲ್ಲಿ ಕೇಳುವವರೇ ಇಲ್ಲ ಅನ್ನುವ ಮಾತು ಬಿಡಿ. ಏನು ಮಾಡಿದರೂ ನಿಲ್ಲದಿದ್ದರೆ ಫ್ಲುಆಕ್ಸೆಟಿನ್, ಕ್ಲೊಮಿಪ್ರಮಿನ್ ಅಂತ ಮನಸ್ಸು ಶಾಂತ ಮಾಡುವ ಮಾತ್ರೆ ಇವೆ. ಡಾಕ್ಟರ್ ಅಳತೆ ಹೇಳಿದ ಮೇಲೆ ಮಾತ್ರ ಕೊಡಿ. ಕೆಲಸ ಮಾಡಲು ವಾರಗಟ್ಟಲೆ ಬೇಕು. ಮನೆಯ ಡಬ್ಬಿಯಿಂದ ನಿಮ್ಮ ಮಾತ್ರೆ ತೆಗೆದು ಕೊಡಬೇಡಿ. ಒಂದೇ ಒಂದು ಪ್ಯಾರಾಸಿಟಮಾಲ್ ಬೆಕ್ಕನ್ನು ಕೊಲ್ಲುತ್ತದೆ.

ಈಗ ಗೋಣಿಚೀಲಕ್ಕೆ ಬರುತ್ತೇನೆ. ಇದನ್ನು ಹೇಳುವಾಗ ಸಿಟ್ಟು ಬರುತ್ತದೆ, ಬರಲಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳುವ ಹಾಗೆ ಪ್ರಾಣಿಯನ್ನು ಬಿಟ್ಟು ಬರುವುದು ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಗೊತ್ತಾದ ಕೂಡಲೇ "ಅಷ್ಟೇನಾ" ಅಂತ ನಗುವವರು ಇದ್ದಾರೆ. ನಗಬೇಡಿ. ಮನೆಯಲ್ಲಿ ಹಾಲು ಕುಡಿದು ಬೆಳೆದ ಬೆಕ್ಕನ್ನು 43 ಡಿಗ್ರಿಯಲ್ಲಿ, ನೀರಿಲ್ಲದ ಕಡೆ, ಬೀದಿ ನಾಯಿಗಳ ನಡುವೆ ಬಿಟ್ಟು ಬಂದು ರಾತ್ರಿ ನಿದ್ದೆ ಬರುತ್ತದಾ? ಇನ್ನೊಂದು ತಿಂಗಳಿಗೆ ಇಲಿ ಜಾಸ್ತಿ ಆಯ್ತು ಅಂತ ಹೊಸ ಮರಿ ತರುತ್ತೀರಿ. ಅದೂ ದೊಡ್ಡದಾಗುತ್ತದೆ. ಅದೇ ಕೂಲರ್, ಅದೇ ಓಣಿ, ಅದೇ ಬಾವುಗ. ಅದೂ ಹೊಡೆಯುತ್ತದೆ. ಬೆಕ್ಕು ಬದಲಾಯಿಸಿದರೆ ಕಿಟಕಿ ಬದಲಾಗುತ್ತದಾ ಕಾಕಾ?

ಆ ಹೊರಗಿನ ಬಾವುಗನನ್ನೂ ಹಿಡಿದು ಆಪರೇಷನ್ ಮಾಡಿಸಿ. ಓಣಿಯವರು ನಾಲ್ಕು ಮನೆ ಸೇರಿ ರೊಕ್ಕ ಹಾಕಿ. ಕಿಟಕಿ ಕೆಳಗೆ ಉಳಿದ ಅನ್ನ, ರೊಟ್ಟಿ ಚೆಲ್ಲಿ ಅವನನ್ನು ಕರೆಯುತ್ತಿರುವವರು ನೀವೇ ಇದ್ದರೆ ಮೊದಲು ಅದನ್ನು ನಿಲ್ಲಿಸಿ.

"ನೀನು ಬೆಕ್ಕಿನ ವಕೀಲನಾ" ಅಂತ ಯಾರೋ ಕೇಳುತ್ತಾರೆ. ಹೌದು, ವಕೀಲನೇ! ಅದಕ್ಕೆ ಬಾಯಿಲ್ಲ, ನನಗೆ ಇದೆ. "ನಮ್ಮ ಮನೆಯಲ್ಲಿ ಕಿಟಕಿ ಹೊರಗೆ ಏನೂ ಇಲ್ಲ" ಅಂತಾರೆ. ಇದೆ. ರಾತ್ರಿ ಎರಡು ಗಂಟೆಗೆ ಎದ್ದು ನೋಡಿದ್ದೀರಾ? ಇಲ್ಲ. ಬೆಕ್ಕು ನೋಡಿದೆ.

ಈ ಎಪಿಸೋಡನ್ನು ನಿಮ್ಮ ಓಣಿಯ ಗ್ರೂಪಿಗೆ ಹಾಕಿ, ಬೆಕ್ಕು ಸಾಕಿದ ಅತ್ತಿಗೆ, ಮಾಮಾ, ಗೆಳೆಯ ಎಲ್ಲರಿಗೂ ಕಳಿಸಿ. ಸಹಾಯ ಬೇಕಿದ್ದವರು ಚಾನೆಲ್‌ನ ನಂಬರಿಗೆ ಮೆಸೇಜ್ ಹಾಕಿ. ಆದರೆ ಮಲಗಿರುವ ಬೆಕ್ಕಿನ ಚಂದದ ಫೋಟೋ ಬೇಡ. ಹೊಡೆದ ಜಾಗದ ಫೋಟೋ, ಆ ಕಡೆಯ ಕಿಟಕಿಯ ಫೋಟೋ, ಸಾಧ್ಯವಾದರೆ ಹೊರಗಡೆಯಿಂದ ತೆಗೆದದ್ದು ಕಳಿಸಿ. ಕೂಲರ್ ಇದ್ದರೆ ಹಿಂದಿನ ಪ್ಯಾಡಿನದೂ ಬೇಕು. ಉಚ್ಚೆ ಕಟ್ಟಿದ ಬೆಕ್ಕಿನವರು ನನ್ನ ಉತ್ತರಕ್ಕೆ ಕಾಯಬೇಡಿ, ಡಾಕ್ಟರ್ ಹತ್ತಿರ ಹೋಗಿ. ಬೇಸಿಗೆ ಊಟದ ವಿಷಯ ಮುಂದಿನ ವಾರ ಮಾತಾಡೋಣ. ಬರ್ತೀನಿ ರೀ.