ಫ್ಲಿಂಟ್: ಎಂಜಿನ್‌ಗೆ ಒಳ್ಳೇ ನೀರು, ಜನರಿಗೆ ಸೀಸದ ನೀರು

ಕೇಳುಗರೇ, ನಮಸ್ಕಾರ. ಇವತ್ತು ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ಊರಿನ ಕಥೆ ಹೇಳುತ್ತೇನೆ. ಜನರಲ್ ಮೋಟಾರ್ಸ್ ಹೆಸರು ಕೇಳಿದ್ದೀರಲ್ಲ, ಅದು 1908ರಲ್ಲಿ ಹುಟ್ಟಿದ್ದು ಇಲ್ಲೇ. ಅದಕ್ಕೂ ಮೊದಲು ಇಲ್ಲಿನವರು ಮರ ಕೊಯ್ದು ಮಾರುತ್ತಿದ್ದರು, ಆಮೇಲೆ ಕುದುರೆ ಗಾಡಿ ಮಾಡತೊಡಗಿದರು. ಗಾಡಿ ವ್ಯಾಪಾರದಲ್ಲಿ ದುಡ್ಡು ಮಾಡಿದ್ದ ವಿಲಿಯಂ ಡ್ಯುರಂಟ್ ಬ್ಯೂಕ್ ಕಾರು ಕಂಪನಿಯನ್ನು ಕೈಗೆ ತೆಗೆದುಕೊಂಡ. ಅದರ ಬಲದ ಮೇಲೆ ಜನರಲ್ ಮೋಟಾರ್ಸ್ ಕಟ್ಟಿದ.

ಕಂಪನಿ ಬೆಳೆಯಿತು, ಕೆಲಸಗಾರರ ಪಾಡು ಮಾತ್ರ ಕಷ್ಟವಾಗಿತ್ತು. ಕಾರು ಜೋಡಿಸುವ ಲೈನಿನ ವೇಗ ಜಾಸ್ತಿಯಾಗುತ್ತಲೇ ಹೋಯಿತು, ಯೂನಿಯನ್ ಅಂದವರ ಕೆಲಸ ಹೋಗುತ್ತಿತ್ತು. 1936ರ ಡಿಸೆಂಬರ್ 30ರಂದು ಅವರು ಕಾರ್ಖಾನೆಯ ಒಳಗೇ ಕೂತುಬಿಟ್ಟರು. ಗೇಟಿನ ಹೊರಗೆ ನಿಂತರೆ ಬೇರೆಯವರನ್ನು ತಂದು ಯಂತ್ರ ಓಡಿಸುತ್ತಾರೆ, ಯಂತ್ರದ ಪಕ್ಕದಲ್ಲೇ ಕೂತರೆ ಏನು ಮಾಡಲಾಗುತ್ತದೆ, ಅಲ್ವಾ? ಜನವರಿ 11ರ ಕೊರೆಯುವ ಚಳಿಯಲ್ಲಿ ಒಂದು ಕಾರ್ಖಾನೆಗೆ ಬಿಸಿಗಾಳಿ ನಿಲ್ಲಿಸಿದರು, ಊಟ ಒಳಗೆ ಬಿಡಲಿಲ್ಲ, ಪೊಲೀಸರು ಅಶ್ರುವಾಯು ಸಿಡಿಸಿದರು. ಒಳಗಿದ್ದವರು ಬೆಂಕಿ ಆರಿಸುವ ಪೈಪಿನಿಂದ ನೀರು ಚಿಮ್ಮಿಸಿದರು, ಕೈಗೆ ಸಿಕ್ಕ ಕಾರು ಬಾಗಿಲಿನ ಕೀಲುಗಳನ್ನು ಎಸೆದರು, ಪೊಲೀಸರು ಹಿಂದಕ್ಕೆ ಓಡಿದರು. 44 ದಿನ ಹೀಗೆ ಹಿಡಿದು ಕೂತು ಯೂನಿಯನ್‌ಗೆ ಮಾನ್ಯತೆ ಪಡೆದರು. ಅಮೆರಿಕದ ಕಾರು ಕೆಲಸಗಾರ ಸ್ವಂತ ಮನೆ ಕಟ್ಟಿಕೊಂಡು ಮಕ್ಕಳನ್ನು ಓದಿಸುವಂತಾಗಿದ್ದರ ಹಿಂದೆ ಈ ಜನರ ಹಟ ಇದೆ, ಅದನ್ನು ನಾನು ಒತ್ತಿ ಹೇಳುತ್ತೇನೆ.

1960ರಲ್ಲಿ ಊರಿನ ಜನಸಂಖ್ಯೆ ಹತ್ತಿರ ಹತ್ತಿರ 2 ಲಕ್ಷ. 1970ರ ದಶಕದ ಕೊನೆಗೂ ಸುಮಾರು 80,000 ಜನ ಇದೊಂದೇ ಕಂಪನಿಯಲ್ಲಿ ದುಡಿಯುತ್ತಿದ್ದರು. ಆಮೇಲೆ ಪೆಟ್ರೋಲ್ ದುಬಾರಿಯಾಯಿತು, ಜಪಾನಿನ ಕಾರುಗಳು ಬಂದವು, ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. 2020ರ ಗಣತಿಯಲ್ಲಿ ಉಳಿದವರು 81,000 ಚಿಲ್ಲರೆ ಜನ.

ಜನ ಹೋದರು, ನೆಲದಡಿಯ ಪೈಪುಗಳು ಎಲ್ಲಿಗೆ ಹೋಗುತ್ತವೆ? 2 ಲಕ್ಷ ಜನರಿಗೆ ಹಾಕಿದ ಪೈಪಿನ ಖರ್ಚನ್ನು ಅರ್ಧಕ್ಕಿಂತ ಕಡಿಮೆ ಜನ ಹೊರಬೇಕಾಯಿತು. ಊರಿನ ಖಜಾನೆ ಖಾಲಿಯಾಗಿ, ರಾಜ್ಯ ಸರ್ಕಾರ ನೇಮಿಸಿದ ಅಧಿಕಾರಿಯ ಕೈಗೆ ಆಡಳಿತ ಹೋಯಿತು. ದುಡ್ಡು ಉಳಿಸಲು 2014ರ ಏಪ್ರಿಲ್‌ನಲ್ಲಿ ಡೆಟ್ರಾಯಿಟ್‌ನಿಂದ ಬರುತ್ತಿದ್ದ ನೀರು ಬಿಟ್ಟು ಫ್ಲಿಂಟ್ ನದಿಯ ನೀರು ಹರಿಸಿದರು. ಪೈಪು ಸವೆಯದಂತೆ ಬೆರೆಸಬೇಕಿದ್ದ ರಾಸಾಯನಿಕವನ್ನು ಬೆರೆಸಲಿಲ್ಲ. ಹಳೇ ಪೈಪುಗಳಲ್ಲಿದ್ದ ಸೀಸ ಎಂಬ ವಿಷದ ಲೋಹ ಕರಗಿ ಮನೆಮನೆಯ ನಲ್ಲಿಗೆ ಬಂತು.

ಅದೇ ವರ್ಷ ಅಕ್ಟೋಬರ್‌ನಲ್ಲಿ ಜನರಲ್ ಮೋಟಾರ್ಸ್‌ನ ಎಂಜಿನ್ ಕಾರ್ಖಾನೆ ಈ ನೀರು ಬೇಡ ಎಂದಿತು, ಎಂಜಿನ್ ಬಿಡಿಭಾಗಗಳು ತುಕ್ಕು ಹಿಡಿಯುತ್ತಿದ್ದವು. ಕಾರ್ಖಾನೆಗೆ ಬೇರೆ ನೀರು ಸಿಕ್ಕಿತು. ಕಬ್ಬಿಣ ತಡೆಯದ ಆ ನೀರನ್ನು ಮಕ್ಕಳು ಇನ್ನೂ ಒಂದು ವರ್ಷ ಕುಡಿದರು. ಬಣ್ಣಗೆಟ್ಟ ನೀರನ್ನು ಬಾಟಲಿಯಲ್ಲಿ ಹಿಡಿದು ತಂದು ತಾಯಂದಿರು ತೋರಿಸಿದರೂ, ನೀರು ಚೆನ್ನಾಗಿಯೇ ಇದೆ ಎಂದು ಅಧಿಕಾರಿಗಳು ಸಾಧಿಸುತ್ತಿದ್ದರು. ಮಕ್ಕಳ ವೈದ್ಯೆ ಮೋನಾ ಹನ್ನಾ-ಅಟ್ಟಿಶಾ 2015ರ ಸೆಪ್ಟೆಂಬರ್‌ನಲ್ಲಿ ಮಕ್ಕಳ ರಕ್ತದಲ್ಲಿ ಸೀಸ ಏರಿದ ಲೆಕ್ಕವನ್ನು ಎಲ್ಲರ ಮುಂದಿಟ್ಟರು. ಮೊದಲು ಅವರನ್ನೇ ಬೈದರು. ಮುಂದಿನ ತಿಂಗಳು ಡೆಟ್ರಾಯಿಟ್ ನೀರು ವಾಪಸ್ ಬಂತು.

ಈಗಲೂ ಅಲ್ಲಿ ಟ್ರಕ್ ಕಾರ್ಖಾನೆ ನಡೆಯುತ್ತಿದೆ. 2025ರ ಹೊತ್ತಿಗೆ ಸುಮಾರು 11,000 ಸೀಸದ ಪೈಪುಗಳನ್ನು ಅಗೆದು ಬದಲಾಯಿಸಿದ್ದಾರೆ. ಆದರೂ ನಲ್ಲಿ ನೀರನ್ನು ನಂಬದೆ ಬಾಟಲಿ ನೀರೇ ಕುಡಿಯುವವರು ಅಲ್ಲಿದ್ದಾರೆ, ಅವರದ್ದು ತಪ್ಪು ಎನ್ನಲು ನನಗಂತೂ ಬಾಯಿ ಬರುವುದಿಲ್ಲ.